ಪರರ ಪೇಟೆಯಲ್ಲಿ ತೂಗಿದ ಜಾಣತನ

ಒಂದಾನೊಂದು ಕಾಲದಲ್ಲಿ ಏಳು ರಾಜರಿದ್ದರಂತೆ. ಯಾರ ನಾಡಿನ ಕುಶಲಕರ್ಮಿಗಳು ಮೇಲೆಂದು ಪಂಥ ಕಟ್ಟಿ, ಪ್ರತಿಯೊಬ್ಬನೂ ತನ್ನ ಆಸ್ಥಾನದಲ್ಲಿಯೇ ತೀರ್ಪು ಕೇಳಿದನಂತೆ; ಪ್ರತಿಯೊಬ್ಬನೂ ಗೆದ್ದನಂತೆ. ಗಲಗಲಿಯ ನನ್ನಜ್ಜಿ ತಂಗೆವ್ವ ಕಥೆಯನ್ನು ಇಲ್ಲಿಗೇ ನಿಲ್ಲಿಸಿಬಿಡುತ್ತಿದ್ದಳು. ಕೊನೆ ಆಕೆಗೂ ಗೊತ್ತಿರಲಿಲ್ಲ.

ಪೇಟೆಂಟನ್ನು, ಅಂದರೆ ಹೊಸ ಶೋಧಕ್ಕೆ ಸರಕಾರ ಕೊಡುವ ಹಕ್ಕನ್ನು, ಅಳತೆಗೋಲಾಗಿಸಿಕೊಂಡು ಔಷಧ, ಚಿಪ್, ದೂರಸಂಪರ್ಕದಂಥ ಉನ್ನತ ತಂತ್ರಜ್ಞಾನದ ಉದ್ಯಮಗಳಲ್ಲಿ ದೇಶದೇಶಗಳ ಸ್ಪರ್ಧಾಶಕ್ತಿಯನ್ನು ಹೋಲಿಸುವ ಅಧ್ಯಯನದಲ್ಲಿ ನಮ್ಮ ಸೀಮೆಯಿಂದ ಕೇಳಿಬರುವ ಹೆಸರು ಡಾ. ಶೇವಂತಿ ಮೇಡಂ ಅವರದು. ಬನಹಟ್ಟಿಯ ನೇಕಾರರ ಮನೆಯ ಮಗಳಾದ ಅವರು ಜಮಖಂಡಿಯ ಕಾಲೇಜಿನಲ್ಲಿ ಅರ್ಥಶಾಸ್ತ್ರ ಕಲಿಸುತ್ತಲೇ ಬದುಕನ್ನು ಸವೆಸಿದರು. ಪಾಠದ ನಡುವೆ ನಾನು ಕಿಟಕಿಯಾಚೆ ನೋಡುತ್ತ ಕೂತರೆ ಗದರದೆ, ಕನಸು ಎಲ್ಲಿಗೆ ಬಂತೆಂದು ವಿಚಾರಿಸುತ್ತಿದ್ದರು. ಎಂ.ಎ. ಓದು ಬೇಡವೆಂದು ಮನೆಯವರು ಹಟ ಹಿಡಿದಾಗ ಬಸ್ಸು ಹತ್ತಿ ಗಲಗಲಿಗೇ ಬಂದರು. ಅಜ್ಜಿ ಅವರಿಗೂ ಕಥೆ ಹೇಳಿ, ಗೆದ್ದವನು ಯಾರೆಂದು ಕೇಳಿದಳು. ಕನ್ನಡದಲ್ಲಿ ಪುಸ್ತಕ ಬರೆಯುತ್ತಿದ್ದೇನೆ, ನಿವೃತ್ತಿಯೊಳಗೆ ಉತ್ತರ ತಂದುಕೊಡುತ್ತೇನೆ ಎಂದು ಮಾತು ಕೊಟ್ಟು, ನನ್ನನ್ನು ಓದಿಗೆ ಬಿಡಿಸಿಕೊಂಡು ಹೋದರು.

ನಿವೃತ್ತಿಯ ವರ್ಷ ಪುಸ್ತಕದ ಕರಡಚ್ಚು ಬಂದಾಗ ಮೇಡಂ ಅದನ್ನು ತಡೆದರು. ಮುಖ್ಯ ಅಧ್ಯಾಯವು, ಪ್ರತಿ ದೇಶ ತನ್ನ ಕಚೇರಿಯಲ್ಲಿ ತನ್ನವರಿಗೇ ಕೊಟ್ಟುಕೊಂಡ ಪೇಟೆಂಟುಗಳ ಹಳೆಯ ಲೆಕ್ಕದ ಮೇಲೆ ನಿಂತಿತ್ತು. ಸಹೋದ್ಯೋಗಿ ಚಿದಾನಂದ ಸರ್ ನಕ್ಕರು: "ನಿವೃತ್ತೀನ ಮುಂದಕ್ಕ ಹಾಕಸ್ತೀರೇನ್ರಿ ಮೇಡಂ? ಯಾರ ನೋಡ್ತಾರ, ಅಚ್ಚಿಗಿ ಕೊಡ್ರಿ."

ಮೇಡಂ ತಂದೆಯ ಪದ್ಧತಿಯನ್ನು ನೆನೆದರು. ಹೊಸ ಅಂಚು ನೇಯ್ದರೆ ಆತ ಯಾರ ಮಗ್ಗದ್ದೆಂದು ಹೇಳದೆ ಮುಧೋಳದ ಅಂಗಡಿಗೆ ಸೀರೆ ಕಳಿಸಿ, ಅಲ್ಲಿಯ ಮಾತಿಗಾಗಿ ಕಾಯುತ್ತಿದ್ದನಂತೆ.

"ನಮ್ಮ ಸೀರಿ ಛಲೋ ಐತೇನಂತ ನಮ್ಮ ಮನ್ಯಾಗ ಕೇಳಿದ್ರ ಇಲ್ಲ ಅನ್ನಾವ್ರು ಯಾರ್ರಿ?" ಎಂದವರೇ ಅಧ್ಯಾಯವನ್ನು ಪೂರ್ತಿ ಹರಿದುಹಾಕಿದರು.

ಮೇಡಂ, ಅವರಿಗೆ ನೆರವಾಗುತ್ತಿದ್ದ ನಾನು, ಇಬ್ಬರೂ ಮತ್ತೆ ಮೊದಲಿನಿಂದ ಕೂತೆವು. ಎಲ್ಲರಿಗೂ ಹೊರನಾಡಾದ ಒಂದೇ ದೇಶದ ಕಚೇರಿಯಲ್ಲಿ ಯಾರು ಎಷ್ಟು ಪೇಟೆಂಟು ಪಡೆದರು, ಅವುಗಳಲ್ಲಿ ಎಷ್ಟನ್ನು ಮುಂದಿನ ಶೋಧಕರು ಆಧಾರವಾಗಿ ಹೆಸರಿಸಿದರು ಎಂದು ಉದ್ಯಮವಾರು ಎಣಿಸಿದೆವು. ಅಂಗಡಿ ತನ್ನದೇ ಆದ ಆ ದೇಶವನ್ನು ಮಾತ್ರ ಪಂಥದಿಂದ ಹೊರಗಿಟ್ಟೆವು. ದೊಡ್ಡ ಹೆಸರುಗಳು ಕೆಳಗಿಳಿದವು. ಪುಟ್ಟ ದೇಶಗಳು ಮೇಲೆದ್ದವು. ಕಣ್ಣು ನೋವೆಂದು ವೈದ್ಯರು ತಡೆದರೂ ಮೇಡಂ ನಿಲ್ಲಲಿಲ್ಲ. ಅಂಕಿಗಳನ್ನು ನನ್ನಿಂದ ಓದಿಸಿ ಕೇಳಿದರು.

ಅವರು ನೂರ್ಕಾಲ ಬಾಳಲಿ, ಮುಂದೆಯೂ ಹೀಗೆಯೇ ಬರೆದದ್ದನ್ನು ಹರಿದು ಮತ್ತೆ ಬರೆಯುತ್ತಿರಲಿ ಎಂಬುದು ನನ್ನ ಹಾರೈಕೆ.

ಬೀಳ್ಕೊಡುಗೆಯ ಹಾರವನ್ನು ತೆಗೆದಿಟ್ಟವರೇ ಮೇಡಂ ಹೊಸ ಪುಸ್ತಕ ಹಿಡಿದು ಗಲಗಲಿಗೆ ಬಂದರು.

"ಗೆದ್ದಾಂವ ಯಾರ್ರೀ?" ಎಂದಳು ಅಜ್ಜಿ.

"ಒಂದೊಂದು ಕಸಬಿನ್ಯಾಗ ಒಬ್ಬೊಬ್ಬಾಂವ, ಯವ್ವಾ. ಪರರ ಆಸ್ಥಾನಕ್ಕ ಹೋಗಿ ನಿಂತಾಗ ತಿಳೀತು."

ಅಜ್ಜಿ ಪುಸ್ತಕವನ್ನು ಮಡಿಲಲ್ಲಿಟ್ಟುಕೊಂಡು ನನ್ನತ್ತ ತಿರುಗಿದಳು. "ಕಥಿ ಆತು ನೋಡ ಬೇ."