ಹಿಂದಿನ ಸೀಟು

ಆಸ್ಪತ್ರೆಯ ಲಾಂಡ್ರಿ ವ್ಯಾನ್ ಓಡಿಸುವ ನಮ್ಮ ಡ್ರೈವರನಿಗೆ ಬಾಯಿಪಾಠವಾಗಿದ್ದ ಮಾತು ಒಂದೇ: "ನನಗೇನು ಕಣ್ಣಿಲ್ವಾ?" ಮದುವೆಯಾದ ಹೊಸದರಲ್ಲಿ ಹೆಂಡತಿ ಪಕ್ಕದಲ್ಲಿ ಕೂತು, "ಅಲ್ಲಿ ನೋಡ್ರೀ, ಆ ಮನೆಗೆ ನೀಲಿ ಬಣ್ಣ ಹೊಡೆಸಿದಾರೆ" ಎಂದರೂ ಅದೇ ಉತ್ತರ, "ನಾಯಿ ಅಡ್ಡ ಬಂತು" ಎಂದರೂ ಅದೇ ಉತ್ತರ. ಬೆಳಗಿನಿಂದ ಸಂಜೆಯವರೆಗೆ ರಸ್ತೆ ನೋಡಿ ನೋಡಿ ಸುಸ್ತಾದ ಮನುಷ್ಯ, ಪೂರ್ತಿ ಅವನನ್ನೇ ದೂರುವ ಹಾಗೂ ಇಲ್ಲ. ಆದರೆ ಆಕೆ ಹೇಳುವುದನ್ನು ಕಡಿಮೆ ಮಾಡಿದಳು, ಬರಬರುತ್ತಾ ಬಿಟ್ಟೇಬಿಟ್ಟಳು. ಸೋಪು ಮುಗಿದಿದೆ, ನಲ್ಲಿ ಸೋರುತ್ತಿದೆ, ಮನೆಯಲ್ಲಿ ಉಳಿದದ್ದು ಇಷ್ಟೇ ಮಾತು. ನಮ್ಮವಳದು ಬಾಯಿ ಕಮ್ಮಿ ಎಂದು ಅವನು ಗೆಳೆಯರ ಮುಂದೆ ಜಂಬ ಕೊಚ್ಚಿಕೊಳ್ಳುತ್ತಿದ್ದ.

ಆ ಜಂಬ ಇಳಿದದ್ದು ಸೈಕಲ್ ಯಾತ್ರೆಯಲ್ಲಿ. ನಡೆಯಲಾಗದ ಮಕ್ಕಳಿಗೆ ಆಸ್ಪತ್ರೆಯಲ್ಲಿ ಒಂದು ವ್ಯಾಯಾಮದ ಕೋಣೆ ಕಟ್ಟಿಸಬೇಕೆಂದು ಸಿಬ್ಬಂದಿಯೆಲ್ಲ ಸೇರಿ ಊರೂರು ಸೈಕಲ್ ತುಳಿದು ದುಡ್ಡೆತ್ತಲು ಹೊರಟಿದ್ದರು. ಮುಂದಾಳು ನಿವೃತ್ತ ಕಾಂಪೌಂಡರ್. ಸದಾ ಕೊರಳಲ್ಲಿ ಸೀಟಿ ನೇತಾಡುತ್ತಿದ್ದುದರಿಂದ ಅವರು ಎಲ್ಲರಿಗೂ ಪೀಪಿ ಮಾಮ. ಯಾತ್ರೆಯ ಆಕರ್ಷಣೆ ಎಂದರೆ ಒಂದು ಜೋಡಿ ಸೈಕಲ್, ಇಬ್ಬರು ಹಿಂದೆ ಮುಂದೆ ಕೂತು ತುಳಿಯುವಂಥದ್ದು. ಆ ಸೈಕಲ್ ಎಲ್ಲೂ ಹಿಂದೆ ಬರುವ ವ್ಯಾನ್ ಹತ್ತದೆ, ಒಂದು ಸೀಟೂ ಖಾಲಿಯಾಗದೆ ಮರಳಿ ಊರು ಮುಟ್ಟಿದರೆ ಕೋಣೆಯ ಅರ್ಧ ಖರ್ಚು ತನ್ನದು ಎಂದು ಬಟ್ಟೆ ಮಿಲ್ಲಿನ ಮಾಲೀಕ ಮಾತು ಕೊಟ್ಟಿದ್ದ.

ಮುಂದಿನ ಸೀಟಿಗೆ ಡ್ರೈವರನ ಹೆಂಡತಿ. ಔಷಧಿ ಕೌಂಟರಿನಲ್ಲಿ ಕೂರುವ ಆಕೆ ಹುಡುಗಿಯಾಗಿದ್ದಾಗ ಸೈಕಲ್ಲಿನಲ್ಲಿ ಮನೆಮನೆಗೆ ಪೇಪರ್ ಹಾಕಿದವಳು. ಹಿಂದಿನ ಸೀಟಿಗೆ ಆಸ್ಪತ್ರೆಯ ಟೆಲಿಫೋನ್ ಆಪರೇಟರ್. ಹುಟ್ಟಿನಿಂದಲೇ ಅವನಿಗೆ ಕಣ್ಣು ಕಾಣುವುದಿಲ್ಲ. ಹಿಂದೆ ಕೂತವನ ಕೈಯಲ್ಲಿ ಬ್ರೇಕೂ ಇಲ್ಲ, ಹ್ಯಾಂಡಲ್ ಇದ್ದರೂ ಅದು ತಿರುಗುವುದಿಲ್ಲ. ಅದಕ್ಕೇ ಮುಂದೆ ಕೂತವರು ಪ್ರತಿಯೊಂದನ್ನೂ ಬಾಯಿಬಿಟ್ಟು ಹೇಳಬೇಕು. ಗುಂಡಿ, ತಿರುವು, ಏರು, ಇಳುಕಲು, ಯಾವುದನ್ನೂ ಬಿಡುವಂತಿಲ್ಲ.

ಡ್ರೈವರನ ಕೆಲಸ ಸಾಮಾನು ತುಂಬಿದ ವ್ಯಾನನ್ನು ಎಲ್ಲರ ಹಿಂದೆ ನಿಧಾನಕ್ಕೆ ಓಡಿಸುವುದು. ಮೊದಲ ದಿನವೇ ಅವನ ಕಣ್ಣಿಗೆ ಬಿದ್ದದ್ದು ಹೆಂಡತಿಯ ಬಾಯಿ. ಗಾಜಿನಾಚೆ ಅದು ಒಂದೇ ಸಮನೆ ಆಡುತ್ತಿತ್ತು. ಗುಂಡಿ, ತಿರುವು ಹೇಳಲು ಅಷ್ಟು ಮಾತು ಯಾಕೆ ಬೇಕು? ಆಪರೇಟರ್ ತಲೆ ಹಿಂದಕ್ಕೆ ಹಾಕಿ ನಗುತ್ತಿದ್ದ. ಅವಳೂ ನಗುತ್ತಿದ್ದಳು. ಡ್ರೈವರ್ ಕಿಟಕಿ ಇಳಿಸಿ ಕಿವಿ ನಿಮಿರಿಸಿದರೆ ಬರೀ ಗಾಳಿ. ತನ್ನ ಮನೆಯ ಹೊಲಿಗೆ ಯಂತ್ರವನ್ನು ಪಕ್ಕದ ಮನೆಯವರು ಕೇಳದೆ ಒಯ್ದು ಟಕಟಕ ಹೊಲಿಯುತ್ತಿದ್ದರೆ ಆಗುವಂಥ ಉರಿ ಅವನ ಹೊಟ್ಟೆಯಲ್ಲಿ ಹೊತ್ತಿಕೊಂಡಿತು.

ಸಂಜೆ ತಂಗಿದ ಶಾಲೆಯಲ್ಲಿ, ಬೆಂಚುಗಳ ಮೇಲೆ ಊಟಕ್ಕೆ ಕೂತಾಗ ಆಪರೇಟರ್ ದಾರಿಯ ವರದಿ ಒಪ್ಪಿಸಿದ.

"ಆ ಬಣ್ಣ ಹೊಡೆಯೋನು, ಏಣಿ ಮೇಲೇ ನಿದ್ದೆ ಹೋಗಿದ್ದನಲ್ಲ, ಡಬ್ಬ ಬೇರೆ ತಲೆಕೆಳಗಾಗಿ ಹಿಡ್ಕೊಂಡು. ನೋಡಿದ್ರಾ, ಅಣ್ಣಾ?"

ಡ್ರೈವರನನ್ನು ಅವನು ಅಣ್ಣ ಎಂದೇ ಕರೆಯುತ್ತಿದ್ದುದು. ಅಣ್ಣ ಅದೇ ರಸ್ತೆಯಲ್ಲಿ ಬಂದಿದ್ದ, ಏಣಿ ಇದ್ದದ್ದೂ ನೆನಪಿರಲಿಲ್ಲ. "ಹೂಂ" ಎಂದು ಗೊಣಗಿ ತಟ್ಟೆ ಎತ್ತಿಕೊಂಡು ಎದ್ದ. ಕಣ್ಣಿಲ್ಲದವನು ಇಡೀ ದಾರಿ ನೋಡಿಕೊಂಡು ಬಂದಿದ್ದ. ನೋಡಿಸಿದವಳು ತನ್ನ ಹೆಂಡತಿ. ಮಲಗಿದರೆ ಅದೇ ಯೋಚನೆ, ಎದ್ದರೆ ಅದೇ.

ಅಷ್ಟು ಸಾಲದೆಂಬಂತೆ ಅವನ ಅಕ್ಕನ ಫೋನ್ ಬಂತು. ಪೇಪರಿನಲ್ಲಿ ಫೋಟೋ ಹಾಕಿದ್ದರಂತೆ.

"ಜೋಡಿ ಎಷ್ಟು ಲಕ್ಷಣವಾಗಿದೆ ಕಣೋ," ಎಂದಳು ಅಕ್ಕ. "ಹಿಂದುಗಡೆ ವ್ಯಾನ್ ಕಿಟಕೀಲಿ ಯಾರದೋ ಮೊಣಕೈ ಕಾಣ್ತಿದೆ. ನಿಂದಾ?"

"ನಂದೇ," ಎಂದು ಡ್ರೈವರ್ ಫೋನ್ ಇಟ್ಟ.

ಮಾರನೆಯ ಬೆಳಗ್ಗೆ ಸೈಕಲ್ಲುಗಳಿಗೆ ಎಣ್ಣೆ ಬಿಡುವಾಗ ಅವನ ಕೈ ಜೋಡಿ ಸೈಕಲ್ಲಿನ ಹಿಂದಿನ ಸೀಟಿನ ಹತ್ತಿರ ನಿಂತಿತು. ಸ್ಪ್ಯಾನರ್ ಹಿಡಿದು ಬೋಲ್ಟ್ ಸಡಿಲಿಸಿ, ಸೀಟನ್ನು ಎರಡು ಬೆರಳಷ್ಟು ಕೆಳಗಿಳಿಸಿ ಮತ್ತೆ ಬಿಗಿ ಮಾಡಿದ. ಕೆಟ್ಟದ್ದು ಮಾಡಿದೆ ಎಂದು ಯಾರಾದರೂ ಅಂದಿದ್ದರೆ ಜಗಳಕ್ಕೇ ನಿಲ್ಲುತ್ತಿದ್ದ. ತಗ್ಗಿನಲ್ಲಿ ಕೂತು ತುಳಿದು ಆಪರೇಟರನ ಮಂಡಿ ಒಂದಿಷ್ಟು ನೋಯಲಿ, ನಗು ಕಡಿಮೆಯಾಗಲಿ, ಅವನಿಗೆ ಬೇಕಾಗಿದ್ದುದು ಅಷ್ಟೇ.

ಹತ್ತಿ ಕೂತ ಕೂಡಲೇ ಆಪರೇಟರ್ ಕಾಲು ಆಡಿಸಿ ನೋಡಿದ. "ಸೀಟು ಯಾಕೋ ತಗ್ಗಾದ ಹಾಗಿದೆಯಲ್ಲ, ಅಣ್ಣಾ?"

"ಇಲ್ವಲ್ಲ. ಈಗ ತಾನೇ ನೋಡಿದೆ, ಸರಿಯಾಗಿದೆ."

"ನೀವು ನೋಡಿದ್ರೆ ಆಯ್ತು ಬಿಡಿ," ಎಂದು ಆಪರೇಟರ್ ಪೆಡಲ್ ಮೇಲೆ ಕಾಲಿಟ್ಟ. ಮುಂದೆ ಹೆಂಡತಿ ಕೈಗವಸು ಎಳೆದುಕೊಳ್ಳುತ್ತಿದ್ದಳು.

ಅವತ್ತು ದಾರಿಯೆಲ್ಲ ದಿಣ್ಣೆ. ಮಧ್ಯಾಹ್ನದ ಹೊತ್ತಿಗೆ ನಗು ನಿಂತಿತು. ಸಂಜೆ ಸೈಕಲ್ಲಿನಿಂದ ಇಳಿಯುವಾಗ ಆಪರೇಟರನ ಬಲಮಂಡಿ ಬನ್ನಿನ ಹಾಗೆ ಊದಿತ್ತು. ನಾಳೆ ಈ ಕಾಲು ಮಡಚುವ ಹಾಗೇ ಇಲ್ಲ ಎಂದು ಜೊತೆಗಿದ್ದ ನರ್ಸಮ್ಮ ಪಟ್ಟಿ ಸುತ್ತಿದಳು. "ನಂದೇ ತಪ್ಪು, ಅಭ್ಯಾಸ ಸಾಲದು," ಎಂದು ಅವನು ಸಿಕ್ಕಸಿಕ್ಕವರ ಹತ್ತಿರವೆಲ್ಲ ಕ್ಷಮೆ ಕೇಳುತ್ತಿದ್ದ. ಅದನ್ನು ಕೇಳಲಾಗದೆ ಡ್ರೈವರ್ ವ್ಯಾನಿನ ಚಕ್ರ ಒದ್ದು ನೋಡುವ ನೆಪದಲ್ಲಿ ಹೊರಗೆ ಹೋದ.

ಉಳಿದಿದ್ದುದು ಕಡೆಯ ದಿನ. ಪೀಪಿ ಮಾಮ ಬೆಳಗ್ಗೆ ಸೀಟಿ ಊದುವುದನ್ನೂ ಮರೆತು ತಲೆ ಮೇಲೆ ಕೈ ಹೊತ್ತು ಕೂತರು. ಹಿಂದಿನ ಸೀಟು ಖಾಲಿ ಹೋದರೆ ಮಿಲ್ ಮಾಲೀಕನ ಮಾತು ಬಿದ್ದುಹೋಗುತ್ತದೆ, ಅರ್ಧ ಕೋಣೆ ಕೈಬಿಟ್ಟು ಹೋಗುತ್ತದೆ.

"ನಮ್ಮನೆಯವರು ಕೂತ್ಕೋತಾರೆ," ಎಂದಳು ಹೆಂಡತಿ.

ಎಲ್ಲರೂ ಡ್ರೈವರನ ಕಡೆ ತಿರುಗಿದರು. ಅವನ ಎದೆ ಹಿಗ್ಗಿತೋ ಕುಗ್ಗಿತೋ ಅವನಿಗೇ ತಿಳಿಯಲಿಲ್ಲ. ವ್ಯಾನಿನ ಕೀಲಿಯನ್ನು ಪೀಪಿ ಮಾಮನ ಕೈಗಿಟ್ಟು ಹತ್ತಿ ಕೂತ. ಆಪರೇಟರನಿಗಿಂತ ಅವನು ಗಿಡ್ಡ.

"ಸೀಟು ಇಳಿಸಬೇಕೇನಯ್ಯ?" ಎಂದು ಮಾಮ ಕೇಳಿದರು.

ಹೆಂಡತಿ ತಿರುಗಿ ಒಮ್ಮೆ ನೋಡಿ, "ಬೇಡ. ಇವರ ಅಳತೆಗೇ ಇದೆ," ಎಂದಳು.

ಹೊರಟರು. ಡ್ರೈವರ್ ಕಾದ. ಮೊದಲ ತಿರುವು ಬಂತು, ಆಕೆ ಹೇಳಲಿಲ್ಲ. ಗುಂಡಿ ಬಂತು, ಹೇಳಲಿಲ್ಲ, ಅವನ ಸೊಂಟ ಕಳಚಿಕೊಂಡಂತಾಯಿತು. ಇಷ್ಟು ದಿನ ಹೊಟ್ಟೆ ಉರಿಸಿಕೊಂಡ ಜಾಗಕ್ಕೆ ಬಂದು ಕೂತರೆ ಅಲ್ಲಿಂದ ಕಾಣುತ್ತಿದ್ದುದು ಆಕೆಯ ಬೆನ್ನು ಮಾತ್ರ. ಇಷ್ಟಕ್ಕಾ ನಾನು ಅಷ್ಟೆಲ್ಲ ಮಾಡಿದ್ದು ಎನ್ನಿಸಿತು.

"ಗುಂಡಿ ಇದೆ ಅಂತ ಹೇಳಬಾರದಾ?"

"ನಿಮಗೇನು ಕಣ್ಣಿಲ್ವಾ?"

ಕುಟುಕಿ ಹೇಳಿದ್ದಲ್ಲ. ನಿಜವಾಗಿ ಕೇಳಿದ ಹಾಗಿತ್ತು. ಅದಕ್ಕೇ ಅದು ನೇರ ಹೋಗಿ ನಾಟಿತು. ಎಷ್ಟು ವರ್ಷ ಆ ಮಾತನ್ನು ಅವನು ಬಾಗಿಲು ಹಾಕಿದಂತೆ ಅವಳ ಮುಖಕ್ಕೆ ಹಾಕಿದ್ದನೋ, ಲೆಕ್ಕ ಇಟ್ಟವರು ಯಾರು.

ಡ್ರೈವರ್ ಕಣ್ಣು ಮುಚ್ಚಿಕೊಂಡ. ಜೀವಮಾನವಿಡೀ ಸ್ಟೀರಿಂಗ್ ಹಿಡಿದವನಿಗೆ ಅದು ಸುಲಭದ ಮಾತಲ್ಲ. ಲಾರಿಯೊಂದು ಪಕ್ಕದಲ್ಲೇ ಹಾದುಹೋದಾಗ ಜೀವ ಬಾಯಿಗೆ ಬಂತು.

"ಮುಚ್ಚಿದೀನಿ," ಎಂದ. "ಹೇಳು."

ಆಕೆ ನಂಬುತ್ತಾಳೋ ಇಲ್ಲವೋ ಎಂದುಕೊಂಡ. ಗಾಳಿಯಲ್ಲಿ ಅವಳ ದನಿ ತೇಲಿಬಂತು.

"ಎಡಕ್ಕೆ ವಾಲ್ತೀವಿ. ಸೇತುವೆ ಬಂತು. ಕೆಳಗೆ ಒಬ್ಬಳು ಕಂಬಳಿ ಒಗೀತಿದಾಳೆ, ನೀರಿಗಿಂತ ನೊರೇನೇ ಜಾಸ್ತಿ. ಗುಂಡಿ, ಸ್ವಲ್ಪ ಎದ್ದು ಕೂತ್ಕೊಳ್ಳಿ. ಬಲಗಡೆ ಗೋಡೆ ಮೇಲೆ ಬೆಕ್ಕುಗಳು ಸಾಲಾಗಿ ಕೂತಿವೆ, ಕಡೇದಕ್ಕೆ ಬಾಲ ಇಲ್ಲ. ನಮ್ಮನ್ನ ನೋಡಿ ಎಲ್ಲಾ ಒಟ್ಟಿಗೆ ತಲೆ ತಿರುಗಿಸಿದ್ವು."

ಡ್ರೈವರ್ ನಕ್ಕುಬಿಟ್ಟ. ಇದೇ ನಗು, ಗಾಜಿನಾಚೆಯಿಂದ ತಾನು ಹಲ್ಲು ಕಡಿಯುತ್ತಾ ನೋಡಿದ್ದ ನಗು. ಮುಂದೆ ಇನ್ನೇನಿದೆಯೋ ಎಂದು ಕಾಯುತ್ತಾ ತುಳಿದ.

"ಮುಂದೆ ಶಾಲೆ, ಗೇಟ್ ಮುಚ್ಚಿದೆ," ಎಂದಳು. ಅದೇ ದನಿಯಲ್ಲಿ, "ನಿನ್ನೆ ಸೀಟು ಇಳಿಸಿದ್ದು ನೀವು. ಅವರು ಕೇಳಿದಾಗ ಸುಳ್ಳು ಹೇಳಿದ್ರಿ, ನನ್ನ ಕಿವಿಗೆ ಬಿತ್ತು. ಅವರ ಮಂಡಿ ಊದಿದ ಮೇಲೆ ನನಗೆ ಅರ್ಥ ಆಯ್ತು. ಬಲಗಡೆ ತಿರುವು," ಎಂದಳು.

ಅವನ ಕಾಲು ನಿಂತುಹೋಯಿತು. ಒಂದೇ ಸರಪಳಿಯ ಸೈಕಲ್ಲು, ಅವನು ನಿಂತದ್ದು ಅವಳ ಕಾಲಿಗೂ ತಟ್ಟಿತು.

"ನಿಲ್ಲಿಸಬೇಡಿ. ವ್ಯಾನ್ ಹಿಂದೇನೇ ಇದೆ, ಅವರು ಅದರಲ್ಲೇ ಇದಾರೆ. ಊರು ಮುಟ್ಟಿದ ಮೇಲೆ ನೀವೇ ಹೋಗಿ ಅವರಿಗೆ ಹೇಳಬೇಕು."

"ಹೇಳ್ತೀನಿ," ಎಂದ.

"ಏರು ಶುರುವಾಯ್ತು. ಉದ್ದ ಇದೆ. ತುಳೀರಿ."

ಅವನು ಕಣ್ಣು ತೆರೆಯದೆ ತುಳಿದ.