ನಾಲ್ಕು ಮನೆಯ ಎಣ್ಣೆ

ಗುಬ್ಬಿ ಹತ್ತಿರದ ಆ ಹಳ್ಳಿಯಲ್ಲಿ ಅಪ್ಪ ಅಮ್ಮ ಇಲ್ಲದ ಚೈತ್ರಾಳನ್ನು ಒಂದೇ ಬೀದಿಯ ನಾಲ್ಕು ಮನೆಯವರು ಸೇರಿ ಸಾಕುತ್ತಿದ್ದರು. ನಮ್ಮ ಮಕ್ಕಳ ರಕ್ಷಣಾ ಆಫೀಸಿನವರ ತಲೆಗೆ ಇದು ಹೋಗಲಿಲ್ಲ. ಒಂದು ಮಗುವಿಗೆ ಒಂದು ಮನೆ ಇರಬೇಕು, ಇಲ್ಲದಿದ್ದರೆ ತುಮಕೂರಿನ ಬಾಲಮಂದಿರಕ್ಕೆ ಬರಬೇಕು. ನೋಡಿಕೊಂಡು ಬಂದು ಹೇಳುವ ಕೆಲಸ ನನ್ನದು.

ದೊಡ್ಡವರನ್ನೆಲ್ಲ ಜಗಲಿಯಲ್ಲಿ ಕೂರಿಸಿ, ಹುಡುಗಿಯನ್ನು ಹಿತ್ತಲಿಗೆ ಕರೆದುಕೊಂಡು ಹೋದೆ.

"ಇಲ್ಲಿ ನಿಂಗೇನಾದ್ರೂ ತೊಂದ್ರೆ ಇದೆಯಾ ಪುಟ್ಟಿ? ನಂಗೊಬ್ಳಿಗೇ ಹೇಳು."

ಅವಳು ಹಿಂದೆ ತಿರುಗಿ ನೋಡಿ, "ಐತೆ ಮಿಸ್," ಅಂದಳು. ನಾನು ಬರೆದುಕೊಳ್ಳಲು ಪೆನ್ನು ತೆಗೆದೆ.

"ನೀವು ಬರ್ತೀರ ಅಂತ ಬೆಳಿಗ್ಗೆಯಿಂದ ನಾಲ್ಕು ಮನೇಲೂ ಎಣ್ಣೆ ಹಚ್ಚಿ ಜಡೆ ಹಾಕವ್ರೆ. ಒಬ್ರು ಹಾಕಿದ್ದು ಇನ್ನೊಬ್ರಿಗೆ ಹಿಡಿಸಲ್ಲ. ಬ್ಯಾಡ ಅಂದ್ರೆ ಬೇಜಾರ್ ಮಾಡ್ಕೋತಾರೆ."

ನಿಜವೇ. ಎಣ್ಣೆ ಹಣೆ ದಾಟಿ ಹುಬ್ಬಿಗಿಳಿದಿತ್ತು.

"ಹಂಗಾದ್ರೆ ಒಂದೇ ಮನೇಲಿ ಇರ್ತೀಯಾ?"

"ಅಯ್ಯೋ, ಬ್ಯಾಡ ಮಿಸ್!" ನನ್ನ ಕೈ ಹಿಡಿದುಕೊಂಡಳು. "ಎಣ್ಣೆ ಮಾತ್ರ ಒಂದ್ ಮನೇಲಿ ಹಚ್ಲಿ. ಮನೆ ನಾಲ್ಕೂ ಇರ್ಲಿ."

ನಗು ತಡೆಯಲಾಗದೆ ಜಗಲಿಗೆ ಬಂದು ಅವಳ ದೂರು ಹೇಳಿದೆ. ಮೊದಲ ಮನೆಯ ಗಂಗಜ್ಜಿ ಕಿವಿಗೇ ಹಾಕಿಕೊಳ್ಳಲಿಲ್ಲ.

"ಅವ್ಳ ಮಾತು ಬುಡವ್ವ. ನಿನ್ ತಲೆ ಯಾಕಿಂಗೆ ತೆಂಗಿನ್ ನಾರಾಗೈತೆ? ಕುತ್ಕೋ ಇಲ್ಲಿ."

ಸಂಜೆ ಆಫೀಸಿನಲ್ಲಿ ಸಾಹೇಬರು, "ಅಲ್ಲಿ ಮಗೂನ ಸರಿಯಾಗಿ ನೋಡ್ಕೋತಾರೇನ್ರೀ?" ಅಂದರು.

ಕತ್ತಿಗೆ ಇಳಿಯುತ್ತಿದ್ದ ಎಣ್ಣೆ ಒರೆಸಿಕೊಳ್ಳುತ್ತಾ ಹೇಳಿದೆ, "ನನ್ನನ್ನೇ ಬಿಡ್ಲಿಲ್ಲ ಸಾರ್."