ಸಾಂಬಾರಿನ ಹಂಡೆಗೆ ಬಿದ್ದ ಪತ್ತೇದಾರ

ಆ ಪಿಕ್ಚರ್ ಮೂರೇ ದಿನಕ್ಕೆ ಮಕಾಡೆ ಮಲಗಿತೆಂದು ಓದಿದ ಕೂಡಲೇ ನಮ್ಮ ಸಾಂತಾಕ್ರೂಜ್ ಹೋಟೆಲಿನ ಗಲ್ಲಾದಲ್ಲೇ ಕೂತು ಒಂದು ಪ್ಲೇಟ್ ಶೀರಾ ತರಿಸಿಕೊಂಡು ತಿಂದೆ. ಸುಳ್ಳೇಕೆ ಹೇಳಲಿ, ಬಹಳ ಖುಷಿಯಾಗಿತ್ತು.

ನಮ್ಮಪ್ಪ ಮೂವತ್ತು ವರ್ಷ ಖಾಸಗಿ ಪತ್ತೇದಾರರಾಗಿದ್ದವರು. ಕೊಲೆ, ದರೋಡೆಯ ಗೊಡವೆ ಅವರಿಗಿರಲಿಲ್ಲ. ಮುಂಬಯಿಯಲ್ಲಿರುವ ಊರಿನ ಹುಡುಗರಿಗೆ ಹೆಣ್ಣು ಕೊಡುವ ಮೊದಲು ಅವರ ಪೂರ್ವಾಪರ ವಿಚಾರಿಸುವುದೇ ಕೆಲಸ. ಹುಡುಗ ದಿನಾ ತಿಂಡಿ ತಿನ್ನುವ ಹೋಟೆಲಿಗೆ ಹೋಗಿ ವೇಟರುಗಳನ್ನು ಮಾತಿಗೆಳೆಯುತ್ತಿದ್ದರು. ವೇಟರನ ಮೇಲೆ ಕೂಗಾಡುವವನು ನಾಳೆ ಹೆಂಡತಿಯ ಮೇಲೂ ಕೂಗಾಡುತ್ತಾನೆ ಎಂಬುದು ಅವರ ನಂಬಿಕೆ. ಅವರ ದೆಸೆಯಿಂದ ಎಷ್ಟೋ ಹುಡುಗಿಯರು ಬಚಾವಾದರು.

ರಿಟೈರಾದ ಮೇಲೆ ನಮ್ಮ ಹೋಟೆಲಿನ ಮೂಲೆ ಟೇಬಲ್ಲೇ ಅವರ ಆಫೀಸು. ಅಲ್ಲಿಗೆ ಒಬ್ಬ ಸಿನಿಮಾ ರೈಟರ್ ಬರತೊಡಗಿದ. ಮೂಲ ನಮ್ಮೂರ ಕಡೆ, ಹುಟ್ಟಿ ಬೆಳೆದದ್ದು ಇಲ್ಲೇ. ಎರಡು ವರ್ಷ ಅಪ್ಪನ ಎದುರು ಕೂತು ಕಾಫಿ ಹೀರುತ್ತ ಕೇಸುಗಳನ್ನೆಲ್ಲ ಬರೆದುಕೊಂಡ. ಅಪ್ಪ ಇಸ್ತ್ರಿ ಅಂಗಿ ಹಾಕಿಕೊಂಡು ಅವನಿಗಾಗಿ ಕಾಯುತ್ತಿದ್ದರು.

ಪಿಕ್ಚರಿಗೆ ಅಪ್ಪನನ್ನು ನಾನೇ ಕರೆದುಕೊಂಡು ಹೋದೆ. ತೆರೆಯ ಮೇಲೆ ಅಪ್ಪನದೇ ಕನ್ನಡಕ, ಅಪ್ಪನದೇ ಕೆಮ್ಮು. ಆದರೆ ಆ ರಿಟೈರ್ಡ್ ಡಿಟೆಕ್ಟಿವ್ ವೇಟರುಗಳಿಂದ ಬೈಸಿಕೊಳ್ಳುತ್ತಾನೆ, ಕೊಲೆಗಾರನಿಗೇ ಗುಟ್ಟು ಹೇಳುತ್ತಾನೆ, ಕೊನೆಗೆ ಸಾಂಬಾರಿನ ಹಂಡೆಗೆ ಬೀಳುತ್ತಾನೆ. ಅದಕ್ಕೂ ಯಾರೂ ನಗಲಿಲ್ಲ. ಮರುದಿನದಿಂದ ಅಪ್ಪ ಹೋಟೆಲಿಗೆ ಬರುವುದನ್ನೇ ಬಿಟ್ಟರು.

ತಿಂಗಳ ಮೇಲೆ ಆ ರೈಟರ್ ಗಡ್ಡ ಬಿಟ್ಟುಕೊಂಡು ಬಂದು ಅದೇ ಟೇಬಲ್ಲಿನಲ್ಲಿ ಕೂತ.

"ಅಂಕಲ್ ಎಲ್ಲಿ, ದೀದಿ? ಅವ್ರ ಹತ್ರ ಥೋಡಾ ಮಾತಾಡ್ಲಿಕ್ಕಿತ್ತು."

ನಮ್ಮ ಹೋಟೆಲುಗಳಲ್ಲಿ ಗಿರಾಕಿಗೆ ಏಳು ಅನ್ನುವ ಪದ್ಧತಿಯಿಲ್ಲ. ಟೇಬಲ್ ಒರೆಸುತ್ತೇವೆ, ಅಷ್ಟೇ. ನಾನೇ ಗಲ್ಲಾದಿಂದಿಳಿದು ಒದ್ದೆ ಬಟ್ಟೆ ಹಿಡಿದೆ. ಅವನ ಮೊಣಕೈವರೆಗೆ ಒರೆಸಿದೆ. ಕಾಫಿ ಅರ್ಧವಿರುವಾಗ ಮತ್ತೆ ಒರೆಸಿದೆ. ಮೂರನೇ ಸಲ ಅವನ ನೋಟ್‌ಬುಕ್ಕೂ ತೊಯ್ದುಹೋಯಿತು. ಬೇಕೆಂದೇ ಮಾಡಿದೆ. ಅಕ್ಕಪಕ್ಕದ ಟೇಬಲಿನವರು ನೋಡುತ್ತಿದ್ದಂತೆ ಮುಖ ಕೆಂಪಗೆ ಮಾಡಿಕೊಂಡು ಎದ್ದುಹೋದ. ಆಹಾ, ಎಂಥ ತೃಪ್ತಿ!

ಮನೆಗೆ ಹೋಗಿ ಅಪ್ಪನಿಗೆ ಎಲ್ಲವನ್ನೂ ಅಭಿನಯಿಸಿಯೇ ತೋರಿಸಿದೆ. ನಗುತ್ತಾರೆ ಅಂದುಕೊಂಡಿದ್ದೆ.

"ಅವನನ್ನು ಯಾಕೆ ಓಡಿಸಿದ್ದು ಮಾರಾಯ್ತಿ?" ಎಂದರು. "ನನ್ನ ಎದುರು ಎರಡು ವರ್ಷ ಕೂತು ಕೇಳಿದ್ದು ಅವನೊಬ್ಬನೇ. ನೀನು ಒಂದು ದಿನವಾದರೂ ಕೂತದ್ದುಂಟಾ?"

ಇಲ್ಲ, ಕೂತಿರಲಿಲ್ಲ. ಅದಕ್ಕೂ ನನಗೆ ಸಿಟ್ಟು ಬಂದದ್ದು ಆ ರೈಟರನ ಮೇಲೆಯೇ.